ಸೈಕಲ್‌ಗೆ ಅಡ್ಜಸ್ಟಬಲ್ ಸ್ಟೆಮ್ ಹಾಕಿಸುವುದು ಸರಿಯೇ?

ಹೆಬ್ಬಾಳದ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು ಕೆಳಕ್ಕೆ ಬಾಗಿದ ಡ್ರಾಪ್ ಹ್ಯಾಂಡಲ್ ಇರುವ ಸಾಧಾರಣ ರೋಡ್ ಬೈಕ್. ವಯಸ್ಸು ಐವತ್ತು ದಾಟಿದೆ. ಭಾನುವಾರದ ಸವಾರಿಯಲ್ಲಿ 40 ಕಿ.ಮೀ. ಕಳೆಯುತ್ತಿದ್ದಂತೆ ಕುತ್ತಿಗೆಯ ಹಿಂಭಾಗ ಬಿಗಿದುಕೊಳ್ಳುತ್ತದೆ. ಎರಡೂ ಕೈಗಳ ಕಿರುಬೆರಳು ಮತ್ತು ಉಂಗುರಬೆರಳು ಜೋಮು ಹಿಡಿಯುತ್ತವೆ. ಹ್ಯಾಂಡಲ್ ಸೀಟಿಗಿಂತ ಸುಮಾರು 7 ಸೆಂ.ಮೀ. ಕೆಳಗಿದೆ. ಈಗಿರುವ ಸ್ಟೆಮ್ (ಹ್ಯಾಂಡಲನ್ನು ಸೈಕಲ್‌ಗೆ ಜೋಡಿಸುವ ತುಂಡು) 100 ಮಿ.ಮೀ. ಉದ್ದದ್ದು, ಪಕ್ಕದಲ್ಲಿ 6 ಡಿಗ್ರಿ ಎಂದು ಬರೆದಿದೆ.

ಅಂಗಡಿಯವರು ಇದನ್ನು ತೆಗೆದು 90 ಮಿ.ಮೀ.ನ, ನಡುವೆ ಕೀಲಿದ್ದು ಕೋನ ಬದಲಿಸಬಹುದಾದ ಅಡ್ಜಸ್ಟಬಲ್ ಸ್ಟೆಮ್ ಹಾಕಿಸಿಕೊಂಡರೆ ಹ್ಯಾಂಡಲನ್ನು ಬೇಕಾದಷ್ಟು ಎತ್ತರಿಸಿಕೊಳ್ಳಬಹುದು ಎನ್ನುತ್ತಾರೆ. ಜೊತೆಯಲ್ಲಿ ಸವಾರಿ ಮಾಡುವವರು ಮಾತ್ರ ಅದರ ಹೆಸರೆತ್ತಿದರೆ ಮುಖ ಸಿಂಡರಿಸುತ್ತಾರೆ. ತೂಕ ಒಂದಿಷ್ಟು ಹೆಚ್ಚಾದರೆ ನನಗೆ ಚಿಂತೆಯಿಲ್ಲ, ರೇಸಿಗೆ ಹೋಗುವವನಲ್ಲ. ಇದು ನಂಬಿಕೆಗೆ ಅರ್ಹವಾದ ವಸ್ತುವೇ, ನನ್ನ ತೊಂದರೆಗೆ ಇದೇ ಪರಿಹಾರವೇ ಎಂಬುದನ್ನು ಬಲ್ಲವರು ತಿಳಿಸಿಕೊಡಬೇಕು.

ಬ್ರೆವೆ ಹುಚ್ಚು

ಸರ್, ಮುಖ ಸಿಂಡರಿಸುವವರ ಪೈಕಿ ನಾನೂ ಒಬ್ಬ, ಕಾರಣ ಹೇಳುತ್ತೇನೆ. ತೂಕ ದೊಡ್ಡ ವಿಷಯವಲ್ಲ. ಸಾಮಾನ್ಯ ಅಲ್ಯೂಮಿನಿಯಂ ಸ್ಟೆಮ್ 120ರಿಂದ 160 ಗ್ರಾಂ ತೂಗಿದರೆ, ಅಡ್ಜಸ್ಟಬಲ್ ಸ್ಟೆಮ್ ಸಾಮಾನ್ಯವಾಗಿ ಅದರ ಎರಡರಷ್ಟು ತೂಗುತ್ತದೆ. ನಿಮ್ಮ ನೀರಿನ ಬಾಟಲಿಯಲ್ಲಿ ಎರಡು ಗುಟುಕು ಕಡಿಮೆ ತುಂಬಿಸಿದರೆ ಆ ಲೆಕ್ಕ ಚುಕ್ತಾ ಆಯಿತು.

ನನ್ನ ತಕರಾರು ಇರುವುದು ಕೀಲಿನ ಬಗ್ಗೆ. ಸೀಟಿನಿಂದ ಎದ್ದು ನಿಂತು ನಂದಿಬೆಟ್ಟದ ಏರು ಹತ್ತುವಾಗ ಹ್ಯಾಂಡಲನ್ನು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಜಗ್ಗುತ್ತೇವೆ. ಆ ತಿರುಚುವ ಬಲವನ್ನೆಲ್ಲ ಸಾಮಾನ್ಯ ಸ್ಟೆಮ್‌ನಲ್ಲಿ ಒಂದೇ ಲೋಹದ ತುಂಡು ತಾಳಿಕೊಂಡರೆ, ಇದರಲ್ಲಿ ಎರಡು ತುಂಡುಗಳ ನಡುವಿನ ಒಂದು ಬೋಲ್ಟು ತಾಳಿಕೊಳ್ಳಬೇಕು. ಮೊದಲು ಕಿರುಗುಟ್ಟುತ್ತದೆ, ಆಮೇಲೆ ಅಲ್ಲಾಡಲು ಶುರುವಾಗುತ್ತದೆ. ಬ್ರೆವೆ ಎಂದರೆ ಗಡುವಿನೊಳಗೆ ಮುಗಿಸಬೇಕಾದ ದೂರದ ಸವಾರಿ; 200 ಕಿ.ಮೀ. ಬ್ರೆವೆಗೆ 13 ಗಂಟೆ 30 ನಿಮಿಷದ ಗಡುವಿದೆ. ಅಷ್ಟು ಹೊತ್ತು ಕಿವಿಯ ಕೆಳಗೇ ಆ ಕಿರಿಕಿರಿ ಕೇಳುತ್ತಾ ಹೋಗುವ ತಾಳ್ಮೆ ನನಗಂತೂ ಇಲ್ಲ.

ಸರಿಯಾದ ಎತ್ತರವನ್ನು ಕಂಡುಕೊಳ್ಳಲು ಅದನ್ನು ಕೆಲವು ವಾರ ಬಳಸುವುದಕ್ಕೆ ನನ್ನ ವಿರೋಧವಿಲ್ಲ. ಸವಾರನ ಮೈಗೆ ತಕ್ಕಂತೆ ಸೈಕಲ್ ಹೊಂದಿಸುವ ಬೈಕ್ ಫಿಟ್ ಮಾಡುವವರ ಬಳಿ ಉದ್ದ, ಕೋನ ಎರಡನ್ನೂ ಬದಲಿಸಬಹುದಾದ ಅಳತೆಯ ಸ್ಟೆಮ್ ಇರುತ್ತದೆ, ಆದರೆ ಅವರು ಅದನ್ನು ಸೈಕಲ್‌ನಲ್ಲಿ ಬಿಟ್ಟು ಕಳುಹಿಸುವುದಿಲ್ಲ. ಟೈಲರ್ ಅಳತೆ ತೆಗೆದ ಟೇಪನ್ನೇ ಸುತ್ತಿಕೊಂಡು ಯಾರೂ ಮದುವೆಗೆ ಹೋಗುವುದಿಲ್ಲವಲ್ಲ.

ಉಡುಪಿಯ ವರ್ಕ್‌ಶಾಪ್

ಮೇಲಿನವರು ಹೇಳಿದ್ದು ಅರ್ಧ ನಿಜ. ಕಿರುಗುಟ್ಟುವ ಸ್ಟೆಮ್‌ಗಳು ನನ್ನ ಬಳಿ ಬರುತ್ತಲೇ ಇರುತ್ತವೆ, ಆದರೆ ಅವುಗಳಲ್ಲಿ ಹೆಚ್ಚಿನವು ಕೆಟ್ಟ ಸ್ಟೆಮ್‌ಗಳಲ್ಲ, ಕೆಟ್ಟದಾಗಿ ಬಿಗಿದ ಸ್ಟೆಮ್‌ಗಳು.

ಈ ಕೀಲನ್ನು ಬಿಚ್ಚಿ ನೋಡಿದರೆ ಒಳಗೆ ಎರಡು ಮುಖಗಳಲ್ಲಿ ಸಣ್ಣ ಸಣ್ಣ ಹಲ್ಲುಗಳಿರುತ್ತವೆ. ಒಂದರ ಹಲ್ಲು ಇನ್ನೊಂದರ ಸಂದಿನಲ್ಲಿ ಪೂರ್ತಿಯಾಗಿ ಕೂತಾಗ ಮಾತ್ರ ಅದು ಗಟ್ಟಿ. ಅಂದರೆ ಕೋನವನ್ನು ನಮಗೆ ಇಷ್ಟ ಬಂದ ಕಡೆ ನಿಲ್ಲಿಸಲು ಬರುವುದಿಲ್ಲ. ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ ಮೆಟ್ಟಿಲಿನಂತೆ ಏರಬೇಕು. ಜನ ಮಾಡುವುದೇನೆಂದರೆ, ಬೋಲ್ಟನ್ನು ಅರ್ಧ ಸಡಿಲಿಸಿ, ಹ್ಯಾಂಡಲನ್ನು ಬಲವಂತವಾಗಿ ಮೇಲೆತ್ತಿ, ಕಣ್ಣಿಗೆ ಚೆಂದ ಕಂಡ ಕಡೆ ನಿಲ್ಲಿಸಿ ಬಿಗಿದುಬಿಡುತ್ತಾರೆ. ಆಗ ಹಲ್ಲಿನ ತುದಿಯ ಮೇಲೆ ಹಲ್ಲಿನ ತುದಿ ಕೂತಿರುತ್ತದೆ. ಕೈಗೆ ಬಿಗಿಯಾಗಿದೆ ಎನ್ನಿಸುತ್ತದೆ, ಆದರೆ ನಾಲ್ಕು ಹಂಪ್ ಹಾರಿದ ಮೇಲೆ ಹಲ್ಲುಗಳು ಜಾರಿ ತಮ್ಮ ಜಾಗಕ್ಕೆ ಬೀಳುತ್ತವೆ, ಬೋಲ್ಟಿನ ಬಿಗುವು ಅಲ್ಲಿಗೆ ಹೋಯಿತು. ಅದಾದ ಮೇಲೂ ಹಾಗೆಯೇ ಓಡಿಸಿದರೆ ಹಲ್ಲು ಸವೆಯುತ್ತದೆ, ಸವೆದ ಹಲ್ಲಿಗೆ ಮದ್ದಿಲ್ಲ. ಕೆಲವು ಮಾದರಿಗಳಲ್ಲಿ ಮುಖ್ಯ ಬೋಲ್ಟಿನ ಜೊತೆಗೆ ಕೆಳಗಡೆ ಇನ್ನೊಂದು ಚಿಕ್ಕ ಸ್ಕ್ರೂ ಇರುತ್ತದೆ. ಅದನ್ನು ಗಮನಿಸದೆ ಜಗ್ಗಿದರೂ ಇದೇ ಗತಿ.

ಬೋಲ್ಟನ್ನು ಚೆನ್ನಾಗಿ ಸಡಿಲಿಸಿ, ಹಲ್ಲುಗಳನ್ನು ಬಿಡಿಸಿ, ಹ್ಯಾಂಡಲನ್ನು ಸ್ವಲ್ಪ ಮೇಲೆ ಕೆಳಗೆ ಆಡಿಸಿ ಅವು ಕೂತದ್ದು ಕೈಗೆ ತಿಳಿದ ಮೇಲೆ ಬಿಗಿಯಬೇಕು. ಎಷ್ಟು ಬಿಗಿಯಬೇಕೆಂಬ ಅಂಕಿ ಸ್ಟೆಮ್ ಮೇಲೆಯೇ ನ್ಯೂಟನ್ ಮೀಟರಿನಲ್ಲಿ ಅಚ್ಚಾಗಿರುತ್ತದೆ. ಹ್ಯಾಂಡಲ್ ಹಿಡಿಯುವ ಮುಂದಿನ ಬೋಲ್ಟುಗಳಿಗೆ ಸಾಮಾನ್ಯವಾಗಿ 5ರ ಆಸುಪಾಸು ಸಾಕು. ಕೀಲಿನ ಬೋಲ್ಟಿಗೆ ಅದಕ್ಕಿಂತ ಬಹಳ ಹೆಚ್ಚು ಬೇಕಾಗುತ್ತದೆ. ಎರಡನ್ನೂ ಒಂದೇ ಅಂದಾಜಿನಲ್ಲಿ ತಿರುಗಿಸಿದರೆ ಒಂದೋ ಮುಂದಿನದು ಮುರಿಯುತ್ತದೆ, ಇಲ್ಲವೇ ಕೀಲು ಸಡಿಲವಾಗಿಯೇ ಉಳಿಯುತ್ತದೆ. ಬಿಗಿದಾದ ಮೇಲೆ ಕೀಲಿನ ಎರಡೂ ಭಾಗಗಳನ್ನು ದಾಟುವಂತೆ ಉಗುರುಬಣ್ಣದಲ್ಲಿ ಒಂದು ಗೆರೆ ಎಳೆದಿಡಿ. ಗೆರೆ ಮುರಿದು ಕಂಡ ದಿನ ಸವಾರಿ ನಿಲ್ಲಿಸಿ. ನಮ್ಮ ಕರಾವಳಿಯ ಉಪ್ಪುಗಾಳಿಗೆ ಬೋಲ್ಟು ಬೇಗ ತುಕ್ಕು ಹಿಡಿಯುವುದರಿಂದ ಮಳೆಗಾಲ ಮುಗಿಯುತ್ತಿದ್ದಂತೆ ಅದನ್ನೊಮ್ಮೆ ಬಿಚ್ಚಿ, ಮರಳು ಒರೆಸಿ, ಬೋಲ್ಟಿಗೆ ಹೊಸ ಗ್ರೀಸ್ ಹಚ್ಚಿದರೆ ಒಳ್ಳೆಯದು.

ಧಾರವಾಡದ ಮೇಷ್ಟ್ರು

ಕೀಲಿನ ಗಟ್ಟಿತನದ ಚರ್ಚೆ ಮುಂದುವರಿಯಲಿ. ಹೆಬ್ಬಾಳದವರ ಅಂಗಡಿಯವರು ಹೇಳಿದ ಮಾತಿನಲ್ಲಿ ಅದಕ್ಕಿಂತ ದೊಡ್ಡ ತೊಡಕು ಇದೆ ಎಂದು ನನಗೆ ಕಾಣುತ್ತದೆ. ಅಡ್ಜಸ್ಟಬಲ್ ಸ್ಟೆಮ್ ಹ್ಯಾಂಡಲನ್ನು ಎತ್ತರಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಅದು ಎತ್ತರಿಸುವುದರ ಜೊತೆಗೆ ಹತ್ತಿರಕ್ಕೂ ಎಳೆಯುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ.

ಮುಂದಿನ ಚಕ್ರವನ್ನು ಹಿಡಿದ ಫೋರ್ಕಿನ, ಸ್ಟೆಮ್ ಕೂರುವ ಕೊಳವೆ ನೆಟ್ಟಗೆ ನಿಂತಿರುವುದಿಲ್ಲ. ರೋಡ್ ಬೈಕ್‌ಗಳಲ್ಲಿ ನೆಲಕ್ಕೆ ಸುಮಾರು 72 ಡಿಗ್ರಿ ಕೋನದಲ್ಲಿ ಸವಾರನ ಕಡೆಗೆ ವಾಲಿರುತ್ತದೆ. ಸ್ಟೆಮ್ ಮೇಲೆ ಬರೆದ ಡಿಗ್ರಿಯನ್ನು ಆ ಕೊಳವೆಗೆ ಲಂಬವಾದ ಗೆರೆಯಿಂದ ಅಳೆಯುತ್ತಾರೆಯೇ ಹೊರತು ನೆಲಮಟ್ಟದಿಂದ ಅಲ್ಲ. ಹೀಗಾಗಿ 0 ಡಿಗ್ರಿಯ ಸ್ಟೆಮ್ ಕೂಡ 18 ಡಿಗ್ರಿ ಮೇಲಕ್ಕೆ ಮುಖ ಮಾಡಿರುತ್ತದೆ. ನಿಮ್ಮ 100 ಮಿ.ಮೀ. ಸ್ಟೆಮ್ ಈಗ 6 ಡಿಗ್ರಿ ಕೆಳಮುಖವಾಗಿದೆ ಎಂದು ಇಟ್ಟುಕೊಂಡರೆ, ಹ್ಯಾಂಡಲಿನ ನಡುಭಾಗ ಕೊಳವೆಯಿಂದ 98 ಮಿ.ಮೀ. ಮುಂದಕ್ಕೂ 21 ಮಿ.ಮೀ. ಮೇಲಕ್ಕೂ ಇದೆ. ಅಂಗಡಿಯವರು ಸೂಚಿಸಿದ 90 ಮಿ.ಮೀ. ಸ್ಟೆಮನ್ನು 35 ಡಿಗ್ರಿಗೆ ಎತ್ತಿದರೆ ಅದು 54 ಮಿ.ಮೀ. ಮುಂದಕ್ಕೆ, 72 ಮಿ.ಮೀ. ಮೇಲಕ್ಕೆ ಬರುತ್ತದೆ. ಅಂದರೆ ನಿಮಗೆ 5 ಸೆಂ.ಮೀ. ಎತ್ತರ ಸಿಕ್ಕಿತು ನಿಜ, ಆದರೆ ಹ್ಯಾಂಡಲ್ ನಾಲ್ಕೂವರೆ ಸೆಂ.ಮೀ.ನಷ್ಟು ಎದೆಯ ಕಡೆಗೂ ಬಂತು. ರೋಡ್ ಬೈಕ್‌ನಲ್ಲಿ ಒಂದು ಅಳತೆಯ ಫ್ರೇಮಿಗೂ ಮುಂದಿನ ಅಳತೆಯದಕ್ಕೂ ಇಷ್ಟು ವ್ಯತ್ಯಾಸ ಇರುವುದಿಲ್ಲ. ಮೊಣಕೈ ಮಡಚಿ ಕೂರಬೇಕಾಗುತ್ತದೆ, ಭಾರ ಸೀಟಿನ ಮೇಲೆ ಬೀಳುತ್ತದೆ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಹಗುರವಾಗಿ ಅತ್ತಿತ್ತ ಓಲಾಡುತ್ತದೆ.

ಈಗ ಇನ್ನೊಂದು ಲೆಕ್ಕ ನೋಡಿ. 120 ಮಿ.ಮೀ. ಉದ್ದದ, 17 ಡಿಗ್ರಿಯ ಸಾಮಾನ್ಯ ಸ್ಟೆಮನ್ನು ಮೇಲ್ಮುಖವಾಗಿ ತಿರುಗಿಸಿ ಹಾಕಿದರೆ ಹ್ಯಾಂಡಲ್ 98 ಮಿ.ಮೀ. ಮುಂದಕ್ಕೆ, 69 ಮಿ.ಮೀ. ಮೇಲಕ್ಕೆ ನಿಲ್ಲುತ್ತದೆ. ಚಾಚು, ಅಂದರೆ ಹ್ಯಾಂಡಲ್ ಮುಂದಿರುವ ದೂರ, ಈಗಿನಷ್ಟೇ, ಎತ್ತರ ಮಾತ್ರ 48 ಮಿ.ಮೀ. ಹೆಚ್ಚು. ಎತ್ತರ ಬೇಕೆಂದವರು ಇನ್ನೂ ಉದ್ದದ ಸ್ಟೆಮ್ ಕೊಳ್ಳಬೇಕು ಎಂದರೆ ಅಂಗಡಿಯಲ್ಲಿ ನಗುತ್ತಾರೆ, ಆದರೆ ತ್ರಿಕೋನಮಿತಿಗೆ ಅಂಗಡಿಯವರ ಹಂಗಿಲ್ಲ.

ಉಡುಪಿಯ ವರ್ಕ್‌ಶಾಪ್

ಮೇಷ್ಟ್ರೇ, ಒಂದು ಸಣ್ಣ ತಿದ್ದುಪಡಿ. ಅಡ್ಜಸ್ಟಬಲ್ ಸ್ಟೆಮ್‌ನ ಕೀಲು ಕೊಳವೆಯ ನಡುವಿನಲ್ಲಿ ಇರುವುದಿಲ್ಲ, ಅದರ ಮುಂದೆ ಇರುತ್ತದೆ. ಆ ಮುಂದಿನ ತುಂಡು ಮಾತ್ರ ಮೇಲೇಳುತ್ತದೆ. ಕೀಲು 30 ಮಿ.ಮೀ. ಮುಂದಿದೆ ಎಂದು ಇಟ್ಟುಕೊಂಡು ಲೆಕ್ಕ ಹಾಕಿ ನೋಡಿ.

ಧಾರವಾಡದ ಮೇಷ್ಟ್ರು

ಸರಿಯಾದ ಮಾತು. ಆಗ ಅದೇ 35 ಡಿಗ್ರಿಗೆ ಹ್ಯಾಂಡಲ್ ಸುಮಾರು 65 ಮಿ.ಮೀ. ಮುಂದಕ್ಕೆ, 57 ಮಿ.ಮೀ. ಮೇಲಕ್ಕೆ ಬರುತ್ತದೆ. ಎತ್ತರದಲ್ಲಿ ಸಿಕ್ಕಿದ್ದು 36 ಮಿ.ಮೀ., ಚಾಚಿನಲ್ಲಿ ಹೋದದ್ದು 33 ಮಿ.ಮೀ. ಅಂಕಿ ಬದಲಾಯಿತು, ವಾದ ಇನ್ನಷ್ಟು ಬಲವಾಯಿತು: ಸಿಗುವ ಎತ್ತರವೂ ಅಂದುಕೊಂಡಷ್ಟು ಇಲ್ಲ.

ಶಿವಮೊಗ್ಗದ ಮಗಳು

ಇಲ್ಲಿ ಎಲ್ಲರೂ ರೋಡ್ ಬೈಕ್‌ನ ದೃಷ್ಟಿಯಿಂದಲೇ ಮಾತನಾಡುತ್ತಿರುವುದರಿಂದ ಬೇರೆ ಒಂದು ಅನುಭವವನ್ನು ಬರೆಯುತ್ತಿದ್ದೇನೆ. ನಮ್ಮ ತಂದೆಯವರಿಗೆ ಕುತ್ತಿಗೆಯ ಮೂಳೆಸವೆತವಿದೆ. ವೈದ್ಯರು ಸೈಕಲ್ ಹೊಡೆಯಬಹುದು, ಆದರೆ ಬಗ್ಗಿ ಕೂರಬಾರದು ಎಂದಿದ್ದರು. ಅವರ ನೇರ ಹ್ಯಾಂಡಲಿನ ಹೈಬ್ರಿಡ್ ಸೈಕಲ್‌ಗೆ ಅಡ್ಜಸ್ಟಬಲ್ ಸ್ಟೆಮ್ ಹಾಕಿಸಿ ಮೊದಲಿಗೆ ಹೆಚ್ಚುಕಡಿಮೆ ಪೂರ್ತಿ ಮೇಲಕ್ಕೇ ಇಟ್ಟೆವು. ಬೆನ್ನು, ಹೊಟ್ಟೆಯ ಸ್ನಾಯುಗಳಿಗೆ ಬಲ ಬಂದಂತೆ ಒಂದೊಂದೇ ಹಲ್ಲು ಕೆಳಗಿಳಿಸುತ್ತಾ ಬಂದೆವು. ಈಗ ಅವರು ಮೊದಲಿನಷ್ಟು ನೆಟ್ಟಗೆ ಕೂರುವುದಿಲ್ಲ, ಕೂರಬೇಕಾಗಿಯೂ ಇಲ್ಲ.

ಪ್ರತಿ ಹಂತಕ್ಕೂ ಒಂದೊಂದು ಹೊಸ ಸ್ಟೆಮ್ ಕೊಳ್ಳುತ್ತಾ ಹೋಗಿದ್ದರೆ ಮನೆಯಲ್ಲಿ ಸ್ಟೆಮ್‌ಗಳ ಸಂಗ್ರಹಾಲಯವೇ ಆಗುತ್ತಿತ್ತು. ಅವರು ಹೋಗುವುದು ಹಾಲಿನ ಬೂತಿಗೆ, ಗ್ರಂಥಾಲಯಕ್ಕೆ, ತುಂಗೆಯ ದಂಡೆಗೆ. ಎದ್ದು ನಿಂತು ಬೆಟ್ಟ ಹತ್ತುವ ಪ್ರಸಂಗವೇ ಇಲ್ಲದವರಿಗೆ ಕೀಲು ತಿರುಚಿಕೊಳ್ಳುತ್ತದೆ ಎಂಬ ಭಯ ಎಷ್ಟರಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ?

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನೆಟ್ಟಗೆ ಕೂತಾಗ ದೇಹದ ಭಾರವೆಲ್ಲ ಕೂರುವ ಮೂಳೆಗಳ ಮೇಲೆ ಬರುವುದರಿಂದ ಹಳೆಯ ಕಿರಿದಾದ ಸೀಟು ಅಪ್ಪನಿಗೆ ನೋವು ಕೊಟ್ಟಿತು. ಅಗಲದ ಸೀಟನ್ನೂ ಹಾಕಿಸಬೇಕಾಯಿತು.

ಉಟ್ರೆಕ್ಟ್ ಕನ್ನಡಿಗ

ಶಿವಮೊಗ್ಗದವರ ಮಾತನ್ನು ಅನುಮೋದಿಸುತ್ತೇನೆ. ನಾನಿರುವ ನೆದರ್‌ಲ್ಯಾಂಡ್ಸ್‌ನಲ್ಲಿಯೂ ಪಕ್ಕದ ಜರ್ಮನಿಯಲ್ಲಿಯೂ ನಿತ್ಯ ಓಡಾಟದ ಎಷ್ಟೋ ಸೈಕಲ್‌ಗಳು ಕಾರ್ಖಾನೆಯಿಂದಲೇ ಅಡ್ಜಸ್ಟಬಲ್ ಸ್ಟೆಮ್ ಹೊತ್ತು ಬರುತ್ತವೆ. ಗಜೆಲ್ ಕಂಪನಿಯ ಕೆಲವು ಸೈಕಲ್‌ಗಳಲ್ಲಂತೂ ಅಲೆನ್ ಕೀ ಕೂಡ ಬೇಡ, ಒಂದು ಲಿವರ್ ಎತ್ತಿ ಹ್ಯಾಂಡಲನ್ನು ಬೇಕಾದ ಕಡೆ ನಿಲ್ಲಿಸಿ ಲಿವರ್ ಮುಚ್ಚಿದರೆ ಆಯಿತು. ಒಂದೇ ಸೈಕಲನ್ನು ಗಂಡ ಹೆಂಡತಿ ಇಬ್ಬರೂ ಬಳಸುವ ಮನೆಯಲ್ಲಿ ಇದಕ್ಕಿಂತ ಅನುಕೂಲ ಬೇರೊಂದಿಲ್ಲ. ಸೈಕಲ್‌ಗಳ ಸುರಕ್ಷತೆಗಾಗಿ ಇರುವ ಐಎಸ್ಒ 4210 ಮಾನದಂಡದ ಐದನೆಯ ಭಾಗದಲ್ಲಿ ಹ್ಯಾಂಡಲ್ ಮತ್ತು ಸ್ಟೆಮ್‌ಗಳನ್ನು ಪರೀಕ್ಷಿಸುವ ವಿಧಾನಗಳಿವೆ. ಹೀಗಿರುವಾಗ ಕೀಲಿದೆ ಎಂದ ಮಾತ್ರಕ್ಕೆ ಇಡೀ ಜಾತಿಯನ್ನೇ ಅಪಾಯಕಾರಿ ಎನ್ನುವುದು ಅತಿರೇಕ.

ಬ್ರೆವೆ ಹುಚ್ಚು

ನಾನು ಅಪಾಯಕಾರಿ ಎಂದಿಲ್ಲ, ಕಿರಿಕಿರಿ ಎಂದಿದ್ದೇನೆ. ಕಾಲುವೆ ದಂಡೆಯ ಸಮತಟ್ಟು ದಾರಿಯಲ್ಲಿ ನೆಟ್ಟಗೆ ಕೂತು ಹೋಗುವವರ ಸ್ಟೆಮ್‌ಗೂ, ಬೆಂಗಳೂರಿನ ಹೊರವಲಯದ ಕಿತ್ತುಹೋದ ಡಾಂಬರಿನ ಮೇಲೆ ಡ್ರಾಪ್ ಹ್ಯಾಂಡಲ್ ಹಿಡಿದು ಹೋಗುವವರ ಸ್ಟೆಮ್‌ಗೂ ಬೀಳುವ ಏಟು ಒಂದೇ ಅಲ್ಲ. ಶಿವಮೊಗ್ಗದ ಮೇಡಂ ಅವರ ತಂದೆಯವರ ವಿಷಯದಲ್ಲಿ ನನ್ನ ಆಕ್ಷೇಪಣೆಯೇನೂ ಇಲ್ಲ. ಅಲ್ಲಿ ಅದು ಸರಿಯಾದ ಆಯ್ಕೆಯೇ. ಆದರೆ ಪ್ರಶ್ನೆ ಕೇಳಿದವರ ಬಳಿ ಇರುವುದು ರೋಡ್ ಬೈಕ್.

ಫಿಸಿಯೋ ಓದಿದವಳು

ಸ್ಟೆಮ್ ಬದಲಿಸುವ ಮೊದಲು ಸೀಟನ್ನು ನೋಡಿದ್ದೀರಾ ಎಂದು ಯಾರೂ ಕೇಳದಿರುವುದು ಆಶ್ಚರ್ಯ.

ಕಿರುಬೆರಳು ಮತ್ತು ಉಂಗುರಬೆರಳಿಗೆ ಹೋಗುವ ಅಲ್ನಾರ್ ನರ ಅಂಗೈಯ ಹೊರಬದಿಯಲ್ಲಿ ಹಾದುಹೋಗುತ್ತದೆ. ಅಲ್ಲಿ ಬಹಳ ಹೊತ್ತು ಭಾರ ಬಿದ್ದರೆ ಆ ಎರಡು ಬೆರಳುಗಳೇ ಜೋಮು ಹಿಡಿಯುತ್ತವೆ. ಭಾರ ಏಕೆ ಬೀಳುತ್ತಿದೆ ಎಂಬುದಕ್ಕೆ ಹ್ಯಾಂಡಲ್ ತಗ್ಗಾಗಿರುವುದು ಒಂದು ಕಾರಣ ಮಾತ್ರ. ಸೀಟಿನ ಮೂತಿ ಕೆಳಕ್ಕೆ ಬಾಗಿದ್ದರೆ ದೇಹ ಪ್ರತಿ ಕ್ಷಣವೂ ಮುಂದಕ್ಕೆ ಜಾರುತ್ತಿರುತ್ತದೆ, ಅದನ್ನು ತಡೆಯುವ ಕೆಲಸ ಕೈಗಳಿಗೆ ಬರುತ್ತದೆ. ಸೀಟು ಅತಿಯಾಗಿ ಎತ್ತರದಲ್ಲಿದ್ದರೂ, ಅತಿಯಾಗಿ ಮುಂದಿದ್ದರೂ ಪರಿಣಾಮ ಇದೇ. ಸೈಕಲನ್ನು ಸಮನೆಲದ ಮೇಲೆ ನಿಲ್ಲಿಸಿ, ಸೀಟಿನ ಮೇಲೆ ಉದ್ದಕ್ಕೆ ಒಂದು ಹಲಗೆ ಇಟ್ಟು, ಗಾರೆ ಕೆಲಸದವರ ರಸಮಟ್ಟವನ್ನು ಅದರ ಮೇಲಿಟ್ಟು ನೋಡಿ. ಸೀಟಿನ ಎತ್ತರ, ಆಮೇಲೆ ಅದರ ಹಿಂದು ಮುಂದು, ಆಮೇಲೆ ಹ್ಯಾಂಡಲ್: ಈ ಕ್ರಮದಲ್ಲೇ ಹೋಗಬೇಕು. ಹ್ಯಾಂಡಲ್ ದೂರವಾಯಿತೆಂದು ಸೀಟನ್ನು ಮುಂದಕ್ಕೆ ತಳ್ಳುವ ಅಭ್ಯಾಸ ನಮ್ಮಲ್ಲಿ ಬಹಳ ಇದೆ. ಕೈ ನೋವನ್ನು ಮಂಡಿಗೆ ವರ್ಗಾಯಿಸಿದ್ದು ಬಿಟ್ಟರೆ ಅದರಿಂದ ಬೇರೆ ಲಾಭವಿಲ್ಲ. ಸೈಕಲ್ ಇಳಿದು ಬಹಳ ಹೊತ್ತಾದ ಮೇಲೂ ಜೋಮು ಹೋಗದಿದ್ದರೆ ಮಾತ್ರ ಸೈಕಲ್ ಬಿಟ್ಟು ವೈದ್ಯರನ್ನು ನೋಡಬೇಕು.

ಹೆಬ್ಬಾಳದ ಸವಾರ

ಇಷ್ಟು ವಿವರವಾದ ಉತ್ತರಗಳಿಗೆ ಎಲ್ಲರಿಗೂ ಕೃತಜ್ಞತೆಗಳು. ರಸಮಟ್ಟ ಇಟ್ಟು ನೋಡಿದೆ. ಸೀಟಿನ ಮೂತಿ ಕಣ್ಣಿಗೆ ಕಾಣುವಷ್ಟೇ ಕೆಳಗಿತ್ತು. ಸಮ ಮಾಡಿದ ಮೇಲಿನ ಸವಾರಿಯಲ್ಲಿ ಬೆರಳುಗಳ ಜೋಮು ಬಹಳಮಟ್ಟಿಗೆ ಇಳಿದಿದೆ, ಕುತ್ತಿಗೆಯ ಬಿಗಿತ ಮಾತ್ರ ಹಾಗೆಯೇ ಉಳಿದಿದೆ. ಆದ್ದರಿಂದ ಹ್ಯಾಂಡಲ್ ತುಸು ಮೇಲೆ ಬಂದರೆ ಒಳಿತೆಂಬ ಅಭಿಪ್ರಾಯ ನನ್ನದು ಈಗಲೂ. ಸ್ಟೆಮ್ ಕೆಳಮುಖವಾಗಿಯೇ ಇದೆ. ಅದರ ಮೇಲೆ ಒಟ್ಟು 15 ಮಿ.ಮೀ. ದಪ್ಪದ, ಕೊಳವೆಗೆ ತೊಡಿಸುವ ಸ್ಪೇಸರ್ ಬಳೆಗಳಿವೆ. ಫೋರ್ಕಿನ ಕಾಲುಗಳು ಕಾರ್ಬನ್, ಕೊಳವೆ ಅಲ್ಯೂಮಿನಿಯಂ. ಕೇಬಲ್‌ಗಳು ಹೊರಗಿನಿಂದಲೇ ಹೋಗುತ್ತವೆ.

ಧಾರವಾಡದ ಮೇಷ್ಟ್ರು

ಹಾಗಾದರೆ ಒಂದು ರೂಪಾಯಿಯೂ ಖರ್ಚಿಲ್ಲದೆ ಮಾಡಬಹುದಾದದ್ದು ನಿಮ್ಮ ಸೈಕಲ್‌ನಲ್ಲೇ ಇದೆ. ಸ್ಟೆಮನ್ನು ಬಿಚ್ಚಿ ಮಗುಚಿ ಹಾಕಿದರೆ ಕೆಳಮುಖದ 6 ಡಿಗ್ರಿ ಮೇಲ್ಮುಖದ 6 ಡಿಗ್ರಿ ಆಗುತ್ತದೆ. ಎತ್ತರದಲ್ಲಿ 20 ಮಿ.ಮೀ. ಸಿಗುತ್ತದೆ, ಚಾಚಿನಲ್ಲಿ 6 ಮಿ.ಮೀ. ಹೋಗುತ್ತದೆ. ಮೇಲಿರುವ ಬಳೆಗಳನ್ನು ಸ್ಟೆಮ್‌ನ ಕೆಳಕ್ಕೆ ಹಾಕಿದರೆ ಮತ್ತೆ 14 ಮಿ.ಮೀ. ಎತ್ತರ ಸಿಗುತ್ತದೆ, 5 ಮಿ.ಮೀ. ಚಾಚು ಹೋಗುತ್ತದೆ. ಒಟ್ಟು 34 ಮಿ.ಮೀ. ಮೇಲೆ, 11 ಮಿ.ಮೀ. ಹತ್ತಿರ. ಸೀಟಿಗೂ ಹ್ಯಾಂಡಲಿಗೂ ಇದ್ದ 7 ಸೆಂ.ಮೀ. ಅಂತರ ಅರ್ಧಕ್ಕೆ ಇಳಿಯಿತು. ಆ ಅಡ್ಜಸ್ಟಬಲ್ ಸ್ಟೆಮ್ 35 ಡಿಗ್ರಿಗೆ ಕೊಡುತ್ತಿದ್ದ ಎತ್ತರವೂ ಹೆಚ್ಚುಕಡಿಮೆ ಇಷ್ಟೇ, ಚಾಚನ್ನು ಮಾತ್ರ ಅದು ಮೂರು ಪಟ್ಟು ತಿನ್ನುತ್ತಿತ್ತು.

ಬ್ರೆವೆ ಹುಚ್ಚು

ಇದನ್ನು ಅಂಗಡಿಯವರೇ ಮೊದಲು ಮಾಡಿಕೊಡಬೇಕಿತ್ತು. ಮಗುಚಿ ಹಾಕುವುದರಲ್ಲಿ ಅವರಿಗೆ ಮಾರಾಟವಿಲ್ಲ, ಅಷ್ಟೇ.

ಹೆಬ್ಬಾಳದ ಸವಾರ

ಈ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬಹುದೇ? ಅಷ್ಟಕ್ಕೂ ಸಾಲದೆ ಮುಂದೆ ಅಡ್ಜಸ್ಟಬಲ್ ಸ್ಟೆಮ್ಮೇ ಬೇಕಾದರೆ ಕೊಳ್ಳುವಾಗ ಏನನ್ನು ನೋಡಬೇಕು?

ಉಡುಪಿಯ ವರ್ಕ್‌ಶಾಪ್

ಮಾಡಬಹುದು. 4 ಮತ್ತು 5 ಮಿ.ಮೀ. ಅಲೆನ್ ಕೀ, ಸಾಧ್ಯವಾದರೆ ಬಿಗುವು ಅಳೆಯುವ ಟಾರ್ಕ್ ವ್ರೆಂಚ್ ಎರವಲು ತಂದರೆ ಸಾಕು. ಮೊದಲು ಹ್ಯಾಂಡಲ್ ಹಿಡಿದ ಮುಂದಿನ ಮುಚ್ಚಳ ಬಿಚ್ಚಿ, ಹ್ಯಾಂಡಲನ್ನು ಕೇಬಲ್ ಸಮೇತ ಪಕ್ಕಕ್ಕೆ ಇಳಿಬಿಡಿ. ಆಮೇಲೆ ಕೊಳವೆಯ ತಲೆಯ ಮೇಲಿನ ಟೋಪಿಯ ಬೋಲ್ಟು, ಕೊನೆಗೆ ಸ್ಟೆಮನ್ನು ಕೊಳವೆಗೆ ಬಿಗಿದಿರುವ ಪಕ್ಕದ ಎರಡು ಬೋಲ್ಟುಗಳು. ಸ್ಟೆಮ್ ತೆಗೆದ ಮೇಲೆ ಫೋರ್ಕ್ ಕೆಳಕ್ಕೆ ಜಾರುತ್ತದೆ, ಆದ್ದರಿಂದ ಮುಂದಿನ ಚಕ್ರ ನೆಲದ ಮೇಲೇ ಇರಲಿ. ಮರಳಿ ಜೋಡಿಸುವಾಗ ಪಕ್ಕದ ಬೋಲ್ಟುಗಳನ್ನು ಸಡಿಲವಾಗಿಟ್ಟು, ಟೋಪಿಯ ಬೋಲ್ಟನ್ನು ಹೆಡ್‌ಸೆಟ್‌ನ (ಫೋರ್ಕ್ ತಿರುಗುವ ಬೇರಿಂಗ್‌ಗಳ) ಅಲುಗಾಟ ಹೋಗುವಷ್ಟು ಮಾತ್ರ ತಿರುಗಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲನ್ನು ಹಿಂದೆ ಮುಂದೆ ತಳ್ಳಿದರೆ ಟಕ್ ಟಕ್ ಎನ್ನಬಾರದು, ಹ್ಯಾಂಡಲ್ ತಿರುಗಿಸಿದರೆ ಬಿಗಿ ಅನ್ನಿಸಬಾರದು. ಅದಾದ ಮೇಲೆ ಸ್ಟೆಮನ್ನು ಚಕ್ರಕ್ಕೆ ನೇರ ಮಾಡಿ ಪಕ್ಕದ ಬೋಲ್ಟುಗಳನ್ನು ಬಿಗಿಯಬೇಕು. ಟೋಪಿಯ ಬೋಲ್ಟು ಸ್ಟೆಮನ್ನು ಹಿಡಿದು ನಿಲ್ಲಿಸುತ್ತದೆ ಎಂದುಕೊಂಡು ಅದನ್ನೇ ಜೀವ ಹೋಗುವಂತೆ ಬಿಗಿಯುವವರಿದ್ದಾರೆ. ಬೇರಿಂಗ್ ಹಾಳಾಗುವುದೇ ಹಾಗೆ. ಹ್ಯಾಂಡಲ್ ಕೂರಿಸುವಾಗ ಹುಡ್‌ಗಳ (ಬ್ರೇಕ್ ಲಿವರ್ ಮೇಲಿನ ಹಿಡಿಕೆಗಳ) ಕೋನವನ್ನೂ ಸರಿಮಾಡಿಕೊಳ್ಳಿ, ಇಲ್ಲದಿದ್ದರೆ ಬ್ರೇಕ್ ಲಿವರ್ ಮುಗಿಲು ನೋಡುತ್ತಿರುತ್ತದೆ ಮತ್ತು ಮಣಿಕಟ್ಟು ಮಡಚಿ ಮತ್ತೆ ಜೋಮು ಶುರುವಾಗುತ್ತದೆ. ಎಲ್ಲ ಮುಗಿದ ಮೇಲೆ ಹ್ಯಾಂಡಲನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ, ಯಾವ ಕೇಬಲ್ಲೂ ಜಗ್ಗುತ್ತಿಲ್ಲ ಎಂದು ನೋಡಿ. 34 ಮಿ.ಮೀ. ಏರಿಸಿದಾಗ ಮುಂದಿನ ಬ್ರೇಕ್ ಕೇಬಲ್ ಸಾಲದೆ ಹೋಗುವ ಸಂಭವವಿದೆ. ಹೊಸದನ್ನು ಎಳೆಸಿಕೊಳ್ಳಲು ಹೆಚ್ಚು ಖರ್ಚಿಲ್ಲ.

ಕೊಳ್ಳುವ ಪ್ರಸಂಗ ಬಂದರೆ ಎರಡು ವ್ಯಾಸಗಳನ್ನು ಅಳೆದುಕೊಂಡು ಹೋಗಿ. ಕೊಳವೆ ನಿಮ್ಮದು ಬಹುಶಃ 28.6 ಮಿ.ಮೀ., ಹ್ಯಾಂಡಲ್ ಹಿಡಿಯುವ ಜಾಗ 31.8 ಅಥವಾ 25.4 ಮಿ.ಮೀ. ಇರುತ್ತದೆ; ತಪ್ಪು ವ್ಯಾಸದ್ದನ್ನು ತಗಡಿನ ಚೂರು ತುರುಕಿ ಹೊಂದಿಸುವವರಿಂದ ದೂರವಿರಿ. 90 ಬೇಡ, 110ಕ್ಕಿಂತ ಕಡಿಮೆಯದನ್ನು ಮುಟ್ಟಬೇಡಿ, ಕಾರಣವನ್ನು ಮೇಷ್ಟ್ರು ಹೇಳಿದ್ದಾರೆ. ಕೊಳವೆ ಅಲ್ಯೂಮಿನಿಯಂ ಆಗಿರುವುದು ನಿಮ್ಮ ಅದೃಷ್ಟ. ಅದು ಕಾರ್ಬನ್ ಆಗಿದ್ದರೆ ಫೋರ್ಕ್ ತಯಾರಕರ ಕೈಪಿಡಿ ಒಪ್ಪದೆ ಇಂಥ ಸ್ಟೆಮನ್ನು ನಾನು ಹಾಕಿಕೊಡುವುದೇ ಇಲ್ಲ. ಕೇಬಲ್‌ಗಳು ಸ್ಟೆಮ್ ಒಳಗಿನಿಂದ ಹೋಗುವ ಈಚಿನ ದುಬಾರಿ ಸೈಕಲ್‌ಗಳಲ್ಲಿ ಈ ಮಾತೇ ಏಳುವುದಿಲ್ಲ. ಸದ್ಯಕ್ಕೆ ಬಳೆಗಳಲ್ಲಿ ಅರ್ಧವನ್ನಷ್ಟೇ ಕೆಳಗೆ ಹಾಕಿ, ಸ್ಟೆಮ್ ಮಗುಚಿ, ಒಂದೆರಡು ಭಾನುವಾರ ಓಡಿಸಿ ನೋಡಿ. ಉಳಿದ ಬಳೆಗಳನ್ನು ಆಮೇಲೆ ಇಳಿಸಿಕೊಳ್ಳಬಹುದು. ಏನೇ ಆದರೂ ಕೊಳವೆಯನ್ನು ಕತ್ತರಿಸಲು ಮಾತ್ರ ಯಾರಿಗೂ ಕೊಡಬೇಡಿ.